ಬಲಗಡೆ ಮನೆಯ ಮೆಟ್ಟಿಲು

ಬೆಳಗಿನ ಐದೂವರೆ ಗಂಟೆ. ಸ್ಟುಡಿಯೋದ ಹಿಂದಿನ ಬಯಲಿನಲ್ಲಿ ಒಂದು ಬೀದಿ ನಿಂತಿದೆ. ಅತ್ತ ಹನ್ನೆರಡು ಮನೆ, ಇತ್ತ ಹನ್ನೆರಡು ಮನೆ. ಮುಂದಿನಿಂದ ನೋಡಿದರೆ ಗೋಡೆ, ಕಿಟಕಿ, ಬಾಗಿಲು. ಹಿಂದಕ್ಕೆ ಹೋಗಿ ನೋಡಿದರೆ ಪ್ಲೈವುಡ್ಡು, ಅದು ಬೀಳದಂತೆ ಕೊಟ್ಟ ಮರದ ಆಸರೆ. ಬಾಗಿಲ ಮುಂದಿನ ಮೆಟ್ಟಿಲುಗಳು ಮಾತ್ರ ನಿಜವಾದ ಕಲ್ಲಿನವು. ನಾಯಕ ಅವುಗಳ ಮೇಲೆ ಓಡುವಾಗ ಮರದ ಸದ್ದು ಬರಬಾರದಲ್ಲ. ಬಣ್ಣ ಒಣಗಿ ಎರಡು ದಿನವಾಗಿದೆ ಅಷ್ಟೇ. ಇಡೀ ಬೀದಿ ಈಗ ತಾನೇ ಮುಖ ತೊಳೆಸಿಕೊಂಡ ಮಗುವಿನ ಹಾಗೆ ಹೊಳೆಯುತ್ತಿದೆ.

ಆ ಹೊಳಪನ್ನು ಇಳಿಸುತ್ತಿರುವವರು ನಾಲ್ಕನೇ ಮನೆಯ ಮುಂದೆ ನಿಂತಿದ್ದಾರೆ. ಎಡಗೈಯಲ್ಲಿ ಆರಿದ ಟೀ ಡಿಕಾಕ್ಷನ್ ತುಂಬಿದ ಬಕೆಟ್ಟು, ಬಲಗೈಯಲ್ಲಿ ಹಳೆಯ ಬನಿಯನ್ನಿನ ಚಿಂದಿ, ಹೆಗಲಿಗೆ ಸ್ಪ್ರೇ ಪಂಪು. ಚಿಲಕದ ಸುತ್ತ ಜಿಡ್ಡುಗೈ ಸವರುತ್ತಾರೆ. ಬಾಗಿಲ ಪಕ್ಕದಲ್ಲಿ, ಬೆನ್ನು ಒರಗುವ ಎತ್ತರಕ್ಕೆ ಸರಿಯಾಗಿ, ಮಸಿಯನ್ನು ಅಂಗೈಯಿಂದ ಉಜ್ಜುತ್ತಾರೆ. ಆಮೇಲೆ ಮೊಣಕಾಲೂರಿ ಕೂತು, ನೆಲದಿಂದ ಎರಡಡಿ ಮೇಲೆ ನಾಲ್ಕು ಬೆರಳನ್ನು ಎಳೆಯುತ್ತಾರೆ.

"ಇದು ಮಗು ಎತ್ತರ. ತಿಂದು ಬಂದು ಕೈ ಒರೆಸಿರುತ್ತೆ. ಕೊಳೆಗೂ ಒಂದು ಕಾರಣ ಬೇಕು. ಸುಮ್ನೆ ಎರಚಿದ್ರೆ ಅದು ಗಲೀಜು ಅಷ್ಟೇ, ಯಾರೂ ನಂಬಲ್ಲ" ಎನ್ನುತ್ತಾರೆ.

ಚಿತ್ರರಂಗದಲ್ಲಿ ಇವರ ಹೆಸರು ಕೊಳೆಯಕ್ಕ. ಅಡ್ಡಹೆಸರು ಎಂದು ಇವರಿಗೆ ಬೇಸರವಿಲ್ಲ. ಫೋನು ಎತ್ತಿದರೂ "ಕೊಳೆಯಕ್ಕ ಮಾತಾಡ್ತಿರೋದು" ಎಂದೇ ಶುರು. ವಯಸ್ಸು ಐವತ್ತೆಂಟು. ಹೊಸ ಗೋಡೆಯನ್ನು ಹಳೆಯದು ಮಾಡುವುದು, ಅಂಗಡಿಯಿಂದ ತಂದ ಅಂಗಿಯನ್ನು ಹತ್ತು ವರ್ಷ ತೊಟ್ಟಂತೆ ಮಾಡುವುದು, ನಿನ್ನೆ ಬರೆಸಿದ ಬೋರ್ಡಿಗೆ ಮಳೆ ಬಿಸಿಲು ತಗುಲಿಸುವುದು ಇವರ ಕೆಲಸ. ಒಂದು ದಿನಕ್ಕೆ ಮುನ್ನೂರು ಚದರಡಿ ಗೋಡೆ. ಒಂದು ಬೀದಿಗೆ ಎಪ್ಪತ್ತು ಲೀಟರ್ ಡಿಕಾಕ್ಷನ್, ಎರಡು ಮೂಟೆ ಜರಡಿ ಹಿಡಿದ ಮಣ್ಣು, ಒಂದು ಡಬ್ಬ ಮಸಿ. ಇಪ್ಪತ್ತಾರು ವರ್ಷದಿಂದ ಬೆರಳಿನ ಸಂದಿಯ ಕಪ್ಪು ಪೂರ್ತಿ ಹೋಗಿಲ್ಲ.

ಇವತ್ತು ಮಾತ್ರ ಡಿಕಾಕ್ಷನ್ ಬಕೆಟ್ಟಿನ ಪಕ್ಕ ಇನ್ನೂ ಎರಡು ಬಕೆಟ್ಟಿವೆ. ಅವುಗಳಲ್ಲಿ ಬರೀ ತಿಳಿನೀರು. ಆಗಾಗ ಗೇಟಿನ ಕಡೆ ನೋಡುತ್ತಾರೆ. ಏಳು ಗಂಟೆಗೆ ಒಬ್ಬರು ಬರುವುದಿದೆ. ಅವರ ವಿಷಯ ಆಮೇಲೆ.

ಈ ಕೆಲಸಕ್ಕೆ ಬರುವ ಮೊದಲು ಕೊಳೆಯಕ್ಕ ಮಾಡುತ್ತಿದ್ದುದು ಇದರ ತದ್ವಿರುದ್ಧ. ಹದಿನೆಂಟು ತುಂಬಿದಾಗ ಲಾಂಡ್ರಿಯೊಂದರಲ್ಲಿ ಕಲೆ ತೆಗೆಯುವ ಮೇಜಿಗೆ ಸೇರಿ, ಹದಿನಾಲ್ಕು ವರ್ಷ ಅಲ್ಲೇ ನಿಂತಿದ್ದರು. ಇಂಕು, ಗ್ರೀಸು, ರಕ್ತ, ತುಕ್ಕು, ಯಾವುದು ಹೇಗೆ ಹರಡುತ್ತದೆ, ಒಣಗಿದರೆ ಅಂಚು ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದೆಲ್ಲ ಕಣ್ಣಿಗೆ ಕೂತಿತ್ತು. ಒಂದು ದಿನ ಸಿನಿಮಾದ ಬಟ್ಟೆ ನೋಡಿಕೊಳ್ಳುವವನೊಬ್ಬ ಹೊಸ ಅಂಗಿ ತಂದು, "ಇದನ್ನ ಕೊಳೆ ಮಾಡಿಕೊಡ್ತೀರಾ?" ಎಂದು ಕೇಳಿದ. ಮಾಲೀಕರು ನಕ್ಕು ಕಳಿಸುವುದರಲ್ಲಿದ್ದರು. ಇವರು ಅಂಗಿ ಇಸಿದುಕೊಂಡು ಕಾಲು ಗಂಟೆಯಲ್ಲಿ ಒಬ್ಬ ಲಾರಿ ಮೆಕ್ಯಾನಿಕ್ಕಿನ ಅಂಗಿ ಮಾಡಿಕೊಟ್ಟರು. ಮೂರನೇ ಗುಂಡಿಯ ಹತ್ತಿರ ಹೆಬ್ಬೆರಳಿನ ಗ್ರೀಸಿತ್ತು. "ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅದೇ ಗುಂಡಿ ಹಾಕ್ಕೊಳ್ಳೋವಾಗ ಯಾವಾಗ್ಲೂ ಕೈ ಒರೆಸ್ಕೊಳ್ಳೋದು ಮರೀತಿದ್ರು."

ಅಪ್ಪ, ಅಮ್ಮ, ಇವರು ಮೂರೇ ಜನ ಇದ್ದದ್ದು ಊರಿನ ಹಳೆಯ ಭಾಗದ ಒಂದು ಬೀದಿಯಲ್ಲಿ, ನಾಲ್ಕನೇ ಮನೆಯಲ್ಲಿ. ಇವತ್ತು ಅಲ್ಲಿ ಗಾಜಿನ ಕಟ್ಟಡಗಳಿವೆ. ಐವತ್ತು ವರ್ಷದ ಹಿಂದೆ ಆ ಬೀದಿಯ ಹೆಸರು ಕೇಳಿದರೆ ಬೇರೆ ಬಡಾವಣೆಯವರು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಎರಡು ಗುಂಪಿನ ನಡುವೆ ಹಗಲು ಹೊತ್ತಿನಲ್ಲೇ ಚಾಕು ಹೊರಗೆ ಬರುತ್ತಿತ್ತು. ಆ ಕಾಲ ಮುಗಿದ ಮೇಲೆ ಸಿನಿಮಾದವರು ಅದರ ಬೆನ್ನು ಹತ್ತಿದರು. ಎರಡು ವರ್ಷಕ್ಕೊಮ್ಮೆಯಾದರೂ ಆ ಬೀದಿಯನ್ನು ಹೊಸದಾಗಿ ಕಟ್ಟುತ್ತಾರೆ, ಅದರಲ್ಲಿ ಹೊಡೆದಾಡುತ್ತಾರೆ, ಕೊನೆಗೆ ಕೆಡವುತ್ತಾರೆ. ಹೋದ ವರ್ಷದವರೆಗೆ ಹನ್ನೊಂದು ಸಲ ಕೊಳೆಯಕ್ಕ ಆ ಬೀದಿಗೆ ಕೊಳೆ ಬಳಿದಿದ್ದರು.

ಆ ಬೀದಿಯ ಮೊದಲ ಸಿನಿಮಾ ಬಂದಾಗ ಅಮ್ಮನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದರು. ಮಗಳ ಕೆಲಸ ನೋಡಲೆಂದು ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು. ಪರದೆಯ ಮೇಲೆ ಬೀದಿ ಬಂತು. ಕಪ್ಪು ಗೋಡೆ, ಕಸದ ರಾಶಿ, ಮೆಟ್ಟಿಲು ಮೆಟ್ಟಿಲಿಗೂ ಒಣಗಿದ ರಕ್ತ. ಇಂಟರ್‌ವಲ್ಲಿನಲ್ಲಿ ಅಮ್ಮ ಎದ್ದು ಚಪ್ಪಲಿ ಹಾಕಿಕೊಂಡರು.

"ಯಾಕಮ್ಮಾ, ಇನ್ನೂ ಅರ್ಧ ಇದೆ."

"ನೋಡಿದ್ದು ಸಾಕು ಕಣೇ. ನಾವು ಇಪ್ಪತ್ತನಾಲ್ಕು ಜನ ಹೆಂಗಸರು ಕೈಲಾಗದೋರು, ಬಾಗಿಲ ಮುಂದಿನ ರಕ್ತ ತುಳ್ಕೊಂಡು ಓಡಾಡ್ತಿದ್ವಿ ಅಂತ ಊರಿಗೆಲ್ಲ ತೋರಿಸಿದ್ಯಲ್ಲ. ಒಳ್ಳೆ ಕೆಲಸ."

ಅಲ್ಲಿಂದ ಇಪ್ಪತ್ತೆರಡು ವರ್ಷ ಅಮ್ಮ ಮಗಳ ಒಂದು ಸಿನಿಮಾವನ್ನೂ ನೋಡಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದಾರೆ, ಮಗಳು ಬರುವ ಹೊತ್ತಿಗೆ ಬಿಸಿನೀರು ಕಾಯಿಸಿಟ್ಟಿರುತ್ತಾರೆ, ಬೆರಳಿನ ಸಂದಿಯ ಮಸಿಯನ್ನು ತಾವೇ ಉಜ್ಜಿ ತೆಗೆಯುತ್ತಾರೆ. ಸಿನಿಮಾ ಎಂದರೆ ಮಾತ್ರ ಮುಖ ಕಿಟಕಿಯ ಕಡೆಗೆ. ಊರಿನವರೆಲ್ಲ ಮೆಚ್ಚಿದ ಕೆಲಸವನ್ನು ಮೆಚ್ಚಬೇಕಾದ ಒಬ್ಬರು ಮೆಚ್ಚಲಿಲ್ಲ ಎಂಬುದು ಕೊಳೆಯಕ್ಕನ ಮನಸ್ಸಿನಿಂದ ಹೋಗಲೇ ಇಲ್ಲ.

ಅಮ್ಮನ ಸಿಟ್ಟಿಗೆ ಕಾರಣವಿತ್ತು. ಆ ಬೀದಿಯ ಮೆಟ್ಟಿಲುಗಳ ಕತೆಯೇ ಬೇರೆ.

ಕೊಳೆಯಕ್ಕನಿಗೆ ಎಂಟು ವರ್ಷವಿದ್ದಾಗ ಐದನೇ ಮನೆಯ ಯಜಮಾನನನ್ನು ಅವನ ಬಾಗಿಲ ಮುಂದೆಯೇ ಒಂದು ಗುಂಪಿನವರು ಚುಚ್ಚಿ ಕೊಂದರು. ಮಾರನೆಯ ಬೆಳಿಗ್ಗೆ ಅವನ ಹೆಂಡತಿ ನೀರು ಹಿಡಿದುಕೊಂಡು ಬಂದವಳು ಮೆಟ್ಟಿಲ ಹತ್ತಿರ ಹಾಗೇ ನಿಂತುಬಿಟ್ಟಳು. ಪಕ್ಕದ ಮನೆಯಿಂದ ಅಮ್ಮ ಹೋಗಿ, ಅವಳ ಕೈಯಿಂದ ಬಕೆಟ್ಟು ತೆಗೆದುಕೊಂಡು, ಅವಳನ್ನು ಒಳಗೆ ಕಳಿಸಿ, ತಾವೇ ತೊಳೆದರು. ಮಾರನೆಯ ದಿನವೂ ತೊಳೆದರು. ತಿಂಗಳುಗಟ್ಟಲೆ ತೊಳೆದರು. ಒಂದು ಬೆಳಿಗ್ಗೆ ಐದನೇ ಮನೆಯಾಕೆ ತಾನಾಗಿಯೇ ಹೊರಗೆ ಬಂದಳು. ತನ್ನ ಮೆಟ್ಟಿಲು ಆಗಲೇ ಒದ್ದೆಯಾಗಿತ್ತು. ಕೈಯಲ್ಲಿ ನೀರಿತ್ತು. ಹೋಗಿ ಆರನೇ ಮನೆಯ ಮೆಟ್ಟಿಲು ತೊಳೆದಳು.

ಅಲ್ಲಿಂದ ಅದು ಬೀದಿಯ ವಾಡಿಕೆಯಾಯಿತು. ಎದ್ದವಳು ತನ್ನ ಮೆಟ್ಟಿಲು ತೊಳೆಯುವುದಿಲ್ಲ. ಬಲಗಡೆ ಮನೆಯದನ್ನು ತೊಳೆಯುತ್ತಾಳೆ. ಸಾಲಿನ ಕೊನೆಯ ಮನೆಯವಳು ಬೀದಿ ದಾಟಿ ಎದುರು ಮನೆಯದನ್ನು ತೊಳೆಯುತ್ತಾಳೆ. ಹಾಗೆ ಇಪ್ಪತ್ತನಾಲ್ಕು ಮೆಟ್ಟಿಲೂ ಒಂದು ಸುತ್ತು. ಹಿಂದಿನ ದಿನ ಏನೇ ನಡೆದಿರಲಿ, ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಬೀದಿಗೆ ಬೀದಿಯೇ ಒದ್ದೆ ಕಲ್ಲಿನ ವಾಸನೆ. ಯಾವುದಾದರೂ ಮೆಟ್ಟಿಲು ಒಣಗಿದ್ದರೆ ಅದರ ಎಡಗಡೆ ಮನೆಯವಳಿಗೆ ಏನೋ ಆಗಿದೆ ಎಂದು ಲೆಕ್ಕ. ಜ್ವರವಿರಬಹುದು, ಹೆರಿಗೆ ನೋವಿರಬಹುದು. ಯಾರಾದರೂ ಹೋಗಿ ಬಾಗಿಲು ತಟ್ಟುತ್ತಿದ್ದರು.

ಆ ಕೊಲೆಗೆ ಕಣ್ಣಾರೆ ಕಂಡ ಸಾಕ್ಷಿ ಒಬ್ಬರೇ, ಕೊಳೆಯಕ್ಕನ ಅಪ್ಪ. ವರ್ಷದ ಮೇಲೆ ಕೋರ್ಟಿನಲ್ಲಿ ಅವರು ಮಾತನಾಡಬೇಕಾದ ದಿನ ಬಂತು. ಬೆಳಿಗ್ಗೆ ಬೇಗ ಡಿಪೋಗೆ ಹೋಗಿ, ಅಲ್ಲಿಂದಲೇ ಕೋರ್ಟಿಗೆ ಹೋಗುವವರಿದ್ದರು. ಅವರು ಹೊರಟ ಸ್ವಲ್ಪ ಹೊತ್ತಿಗೆ ಆ ಗುಂಪಿನ ಮೂವರು ಹಿತ್ತಲಿನಿಂದ ಮನೆಗೆ ನುಗ್ಗಿ, ತಾಯಿ ಮಗಳನ್ನು ಅಡುಗೆಮನೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದರು. ಇಬ್ಬರು ಅಪ್ಪನಿಗೆ ಸುದ್ದಿ ಮುಟ್ಟಿಸಲು ಹೋದರು. ಒಬ್ಬ ಚಾಕು ಹಿಡಿದು ನಡುಮನೆಯಲ್ಲಿ ಕಾವಲು ಕೂತ.

"ಅಮ್ಮ ಕೂಗಲಿಲ್ಲ. ನನ್ನ ಬಾಯಿ ಮುಚ್ಚಿ ಹಿಡ್ಕೊಂಡು, 'ಇನ್ನೇನು ಬರ್ತಾರೆ ಸುಮ್ನಿರು' ಅಂದ್ಲು. ಯಾರು ಅಂದೆ. 'ಐದನೇ ಮನೆಯೋಳು. ಅವಳ ಮೆಟ್ಟಿಲು ಒಣಗಿದೆಯಲ್ಲ' ಅಂದ್ಲು."

ಕಾಲು ಗಂಟೆಯಾಗಿರಬಹುದು. ಮುಂಬಾಗಿಲು ಬಡಿದ ಸದ್ದು. ಕಾವಲಿನವನು ಬಾಗಿಲು ಸ್ವಲ್ಪವೇ ತೆಗೆದು, "ಮನೇಲಿ ಯಾರೂ ಇಲ್ಲ" ಎಂದ. ಐದನೇ ಮನೆಯಾಕೆ ಅವನ ಮುಖ ನೋಡಿದಳು, ತಿರುಗಿ ತನ್ನ ಒಣ ಮೆಟ್ಟಿಲು ನೋಡಿದಳು. ಬಾಗಿಲು ಮುಚ್ಚದಂತೆ ಕಾಲು ಅಡ್ಡ ಕೊಟ್ಟಳು. ಅವಳ ಹಿಂದೆ ಇನ್ನೂ ಹತ್ತು ಜನ ಹೆಂಗಸರು, ಇದ್ದ ಹಾಗೆಯೇ ಬಂದವರು, ಕೈಯಲ್ಲಿ ಪೊರಕೆ, ಬಕೆಟ್ಟು. ಚಾಕು ಅವನ ಕೈಯಲ್ಲೇ ಇತ್ತು. ಹನ್ನೊಂದು ಪೊರಕೆಗಳ ಮುಂದೆ ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಅಡುಗೆಮನೆಯ ಚಿಲಕ ತೆಗೆದು ತಾಯಿ ಮಗಳನ್ನು ಕರೆದುಕೊಂಡು ಹೋಗುವಾಗ ಯಾರೋ ಒಬ್ಬರು ಅವನ ಮೇಲೆ ಒಂದು ಬಕೆಟ್ಟು ನೀರನ್ನೂ ಸುರಿದು ಹೋದರು. ಯಾರೆಂಬುದರ ಬಗ್ಗೆ ಇವತ್ತಿಗೂ ಜಗಳವಿದೆ.

ಅಪ್ಪ ಕೋರ್ಟಿನ ಬಾಗಿಲಲ್ಲಿ ಒಳಗೆ ಕಾಲಿಡಲಾರದೆ ನಿಂತಿದ್ದರು. ಹನ್ನೊಂದು ಗಂಟೆಗೆ ಐದು ನಿಮಿಷ ಇರುವಾಗ ಬಸ್ಸಿನಿಂದ ಇಳಿದ ಹನ್ನೆರಡು ಹೆಂಗಸರು ಮತ್ತು ಒಂದು ಹುಡುಗಿಯನ್ನು ನೋಡಿದರು. ಒಳಗೆ ಹೋಗಿ ಕಂಡದ್ದೆಲ್ಲ ಹೇಳಿದರು. ಆ ಗುಂಪಿನ ಯಜಮಾನ ಜೈಲಿಗೆ ಹೋದ. ಬೀದಿ ಒಂದೇ ದಿನದಲ್ಲಿ ಬದಲಾಗಲಿಲ್ಲ, ಆದರೆ ಅಲ್ಲಿಂದ ಇಳಿಮುಖವಾಯಿತು.

ಇದು ಯಾವ ಸಿನಿಮಾದಲ್ಲೂ ಇರಲಿಲ್ಲ. ಕೊಳೆಯಕ್ಕನೂ ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ ಹನ್ನೆರಡನೇ ಸಲ ಆ ಬೀದಿ ಕಟ್ಟುವ ಕೆಲಸ ಬಂತು. ನಿರ್ದೇಶಕ ಮೂವತ್ತೊಂದರ ಯುವಕ. ಒಳ್ಳೆಯ ಹುಡುಗ, ಲೈಟ್ ಹಿಡಿಯುವವರು ಊಟ ಮಾಡಿದರೋ ಇಲ್ಲವೋ ಎಂದು ವಿಚಾರಿಸಿಯೇ ತಾನು ಊಟಕ್ಕೆ ಕೂರುತ್ತಿದ್ದ. ಆ ಕಾಲದ ಫೋಟೋಗಳೆಂದು ಏಳು ಚಿತ್ರ ತಂದು ಇವರ ಮುಂದೆ ಹರಡಿ, "ಅಕ್ಕ, ನಮಗೆ ಸಿನಿಮಾ ಥರ ಬೇಡ. ನಿಜವಾಗಿ ಹೇಗಿತ್ತೋ ಹಾಗೇ ಬೇಕು. ಇದನ್ನೇ ಇಳಿಸಿ" ಎಂದ. ಕೊಳೆಯಕ್ಕ ನೋಡಿದರು. ಏಳರಲ್ಲಿ ಮೂರು ಚಿತ್ರದ ಗೋಡೆ ಇವರೇ ಬಳಿದದ್ದು. ಆ ಬೀದಿಯ ಮೊದಲ ಸಿನಿಮಾದ ಸೆಟ್ಟು, ಎಲ್ಲೋ ಯಾರೋ ಕಪ್ಪುಬಿಳುಪು ಮಾಡಿ ಹಾಕಿದ್ದು, ಈಗ ಆ ಕಾಲದ ದಾಖಲೆಯಾಗಿ ಕೈಗೆ ಬಂದಿತ್ತು.

ಹೇಳಬೇಕೆಂದು ಬಾಯಿ ತೆರೆದರು. ಫೋಟೋ ಹುಡುಕಿ ತಂದ ಖುಷಿ ಅವನ ಮುಖದ ತುಂಬ ಇತ್ತು. ಸುಮ್ಮನೆ ತಲೆಯಾಡಿಸಿ ಎದ್ದು ಬಂದರು.

ಬೀದಿ ಸಿದ್ಧವಾಯಿತು. ಎರಡು ದಿನ ಮೆಟ್ಟಿಲುಗಳಿಗೇ ಹಿಡಿಯಿತು: ಮಣ್ಣು, ಜಿಡ್ಡು, ಒಣಗಿದ ರಕ್ತ. ಶೂಟಿಂಗಿನ ದಿನ ಬೆಳಿಗ್ಗೆ ಆರೂಕಾಲಿಗೆ ಬಂದು ನೋಡಿದರೆ ಇಪ್ಪತ್ತನಾಲ್ಕು ಮೆಟ್ಟಿಲೂ ತೊಳೆದು ಹೊಳೆಯುತ್ತಿವೆ. ಬೀದಿಯ ಕೊನೆಯಲ್ಲಿ ಕಸ ಗುಡಿಸುವಾಕೆ ಪೊರಕೆ ಝಾಡಿಸುತ್ತಿದ್ದಳು. ಸ್ಟುಡಿಯೋದಲ್ಲಿ ಅವಳಿಗೆ ಅದು ನಾಲ್ಕನೇ ದಿನ.

ಮ್ಯಾನೇಜರು ತಲೆ ಮೇಲೆ ಕೈ ಹೊತ್ತರು. "ಏನಮ್ಮಾ, ಇದು ಸೆಟ್ಟು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು ಸಾರ್. ಆದ್ರೂ ಬಾಗಿಲ ಮುಂದೆ ರಕ್ತ ಬಿದ್ದಿರೋದನ್ನ ನೋಡ್ಕೊಂಡು ಹೇಗೆ ಹೋಗೋದು?"

"ಹಾಗಾದ್ರೆ ನಿನ್ನ ಚೀಲ ತಗೊಂಡು ಹಾಗೇ ಮನೆಗೆ ಹೋಗು."

ನಿರ್ದೇಶಕ ಬಂದ. ಅವನು ಕೂಗಾಡುವವನಲ್ಲ. "ಅಕ್ಕ, ಮುಕ್ಕಾಲು ಗಂಟೆ ಇದೆ. ಆಗುತ್ತಾ?" ಎಂದ. ಆಗುತ್ತಿತ್ತು. ಕ್ಯಾಮೆರಾ ಕಣ್ಣಿಗೆ ಬೀಳುವ ಆರು ಮೆಟ್ಟಿಲಿಗೆ ಅಷ್ಟು ಹೊತ್ತು ಸಾಕು. ಕೊಳೆಯಕ್ಕ ಪಂಪು ಹೆಗಲಿಗೇರಿಸಿಕೊಂಡು ಐದನೇ ಮನೆಯ ಮುಂದೆ ಬಗ್ಗಿದರು. ಒದ್ದೆ ಕಲ್ಲಿನ ವಾಸನೆ ಮೂಗಿಗೆ ಬಡಿಯಿತು. ಅರ್ಧ ಶತಮಾನದ ಹಿಂದಿನ ವಾಸನೆ. ಪಂಪು ಕೆಳಗಿಟ್ಟರು.

"ಯಾಕಕ್ಕ, ಪಂಪ್ ಕೆಟ್ಟುಹೋಯ್ತಾ?"

"ಪಂಪ್ ಸರಿ ಇದೆ ಸರ್. ನಾನು ಇಷ್ಟು ವರ್ಷ ಮಾಡಿದ್ದೇ ಸರಿ ಇರ್ಲಿಲ್ಲ. ಈ ಯಮ್ಮ ಮಾಡಿರೋದೇ ಸರಿ. ಆ ಬೀದೀಲಿ ಮೆಟ್ಟಿಲು ಹೀಗೇ ಇರ್ತಿತ್ತು."

"ನಿಮಗೆ ಹೇಗೆ ಗೊತ್ತು? ಫೋಟೋದಲ್ಲಿ..."

"ಆ ಫೋಟೋದಲ್ಲಿ ಮೂರು ನಾನೇ ಬಳಿದಿರೋ ಗೋಡೆ ಸರ್. ನಾನು ಹುಟ್ಟಿದ್ದು ನಾಲ್ಕನೇ ಮನೇಲಿ."

ನಿರ್ದೇಶಕ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಪ್ಯಾಂಟು ಒದ್ದೆಯಾದದ್ದು ಅವನಿಗೆ ತಿಳಿಯಲಿಲ್ಲ. ಕೊಳೆಯಕ್ಕ ನಿಂತೇ ಎಲ್ಲವನ್ನೂ ಹೇಳಿದರು. ಬಲಗಡೆ ಮನೆಯ ಮೆಟ್ಟಿಲು, ಸಾಕ್ಷಿ, ಅಡುಗೆಮನೆಯ ಚಿಲಕ, ಪೊರಕೆಗಳು. ಸುತ್ತ ಅರವತ್ತು ಜನ ನಿಂತು ಕೇಳಿದರು. ಮುಗಿದ ಮೇಲೆ ಅವನು ಕೇಳಿದ್ದು ಒಂದೇ ಮಾತು.

"ಹನ್ನೊಂದು ಸಿನಿಮಾ ಮಾಡಿದೀರಿ. ಒಬ್ಬರಿಗಾದ್ರೂ ಹೇಳಬಾರದಿತ್ತಾ ಅಕ್ಕ?"

"ನನಗೆ ಸಂಬಳ ಕೊಳೆ ಮಾಡೋಕೆ ಸರ್, ತೊಳೆಯೋಕಲ್ಲ."

ಎಲ್ಲರೂ ನಕ್ಕರು, ಮ್ಯಾನೇಜರೊಬ್ಬರನ್ನು ಬಿಟ್ಟು. ಕ್ಯಾಮೆರಾದವರು ಅಷ್ಟರಲ್ಲಿ ಕಣ್ಣಿಟ್ಟು ನೋಡಿ, "ಸರ್, ಒದ್ದೆ ಕಲ್ಲಿನ ಮೇಲೆ ಬೆಳಕು ಬಹಳ ಚೆನ್ನಾಗಿ ಬೀಳ್ತಿದೆ, ಬೇಗ ಬನ್ನಿ" ಎಂದರು. ಕಸ ಗುಡಿಸುವಾಕೆ ಚೀಲ ಹಿಡಿದು ಗೇಟಿನ ಹತ್ತಿರ ಹೋಗಿದ್ದಳು. ಕೊಳೆಯಕ್ಕನೇ ಓಡಿಹೋಗಿ ಕೈಹಿಡಿದು ಕರೆತಂದರು.

ನಿರ್ದೇಶಕ ಎರಡು ದಿನ ಶೂಟಿಂಗ್ ನಿಲ್ಲಿಸಿ ಸಿನಿಮಾದ ಕೊನೆಯ ಅರ್ಧ ಗಂಟೆಯನ್ನು ಹೊಸದಾಗಿ ಬರೆದ. ಗುಂಡು ಹಾರಿಸುತ್ತ ನಾಯಕ ಬಂದು ಬಿಡಿಸುವುದು ಹೋಯಿತು. ಅದರ ಬದಲಿಗೆ ಒಂದು ಬೆಳಗು, ಇಪ್ಪತ್ತಮೂರು ಒದ್ದೆ ಮೆಟ್ಟಿಲು, ಒಂದು ಒಣ ಮೆಟ್ಟಿಲು. ಒಣಗಿದ ಆ ಒಂದು ಮೆಟ್ಟಿಲನ್ನು ಸಿದ್ಧಮಾಡಲು ಕೊಳೆಯಕ್ಕ ತೆಗೆದುಕೊಂಡದ್ದು ಒಂದು ಇಡೀ ದಿನ. "ಕೊಳೆ ಅಲ್ಲ ಅದು. ಬರೀ ನಿನ್ನೆಯ ಧೂಳು. ಅಷ್ಟು ಕಮ್ಮಿ ಹಾಕೋದು ಬಹಳ ಕಷ್ಟ."

ಸಿನಿಮಾ ಬಿಡುಗಡೆಯಾಯಿತು. ಥಿಯೇಟರುಗಳಲ್ಲಿ ಕ್ಯಾಮೆರಾ ಆ ಮೆಟ್ಟಿಲ ಮೇಲೆ ನಿಂತಾಗ ಸೀಟಿನಲ್ಲಿದ್ದವರು ಉಸಿರು ಬಿಗಿಹಿಡಿಯುತ್ತಾರೆ, ಪೊರಕೆಗಳು ಬಾಗಿಲು ದಾಟುವಾಗ ಸಿಳ್ಳೆ ಹೊಡೆಯುತ್ತಾರೆ ಎಂದು ಸುದ್ದಿ ಬಂತು. ಅಮ್ಮ ಮಾತ್ರ ಕಿಟಕಿಯ ಕಡೆ ತಿರುಗಿಯೇ ಕೂತಿದ್ದರು. "ಹನ್ನೆರಡು ಆಯ್ತಾ? ಸಂತೋಷ" ಎಂದರು ಅಷ್ಟೇ.

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಯಾರೋ ಬಾಗಿಲು ತಟ್ಟಿದರು. ಜೋರಾಗಿ, ಅಂಗೈ ಬಿಚ್ಚಿ ಬಡಿದ ಸದ್ದು. ಅಮ್ಮನೇ ಹೋಗಿ ತೆಗೆದರು. ಐದನೇ ಮನೆಯಾಕೆ ನಿಂತಿದ್ದರು. ಈಗ ಎಪ್ಪತ್ತೊಂಬತ್ತು ವರ್ಷ, ಊರಿನ ಇನ್ನೊಂದು ತುದಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾರೆ. ಹಿಂದಿನ ದಿನ ಸಿನಿಮಾ ನೋಡಿ ಬಂದಿದ್ದರು. ಮೂರು ಮಹಡಿ ಹತ್ತಿದ ಏದುಸಿರಿನಲ್ಲೇ ಹೇಳಿದರು:

"ಹೊರಡು. ನನ್ನ ಮೆಟ್ಟಿಲು ಒಣಗಿದೆ."

ಅಮ್ಮ ಒಳಗೆ ಹೋಗಿ ಇಸ್ತ್ರಿ ಮಾಡಿದ ಸೀರೆ ತೆಗೆದರು.

ಹತ್ತೂವರೆಯ ಆಟಕ್ಕೆ ನಾಲ್ವರು ಒಂದೇ ಸಾಲಿನಲ್ಲಿ ಕೂತರು: ಅಮ್ಮ, ಐದನೇ ಮನೆಯಾಕೆ, ಕೊಳೆಯಕ್ಕ, ಫೋನು ಮಾಡಿ ಕರೆಸಿಕೊಂಡ ಕಸ ಗುಡಿಸುವಾಕೆ. ಇಂಟರ್‌ವಲ್ಲಿನಲ್ಲಿ ಕೊಳೆಯಕ್ಕ ಅಮ್ಮನ ಕಾಲಿನ ಕಡೆಯೇ ನೋಡುತ್ತಿದ್ದರು. ಅಮ್ಮ ಚಪ್ಪಲಿಗೆ ಕಾಲು ಹಾಕಲಿಲ್ಲ. ಒಣ ಮೆಟ್ಟಿಲು ಬಂದಾಗ ಇಬ್ಬರು ಮುದುಕಿಯರು ಕೈ ಹಿಡಿದುಕೊಂಡರು. ಬಕೆಟ್ಟು ನೀರು ಕಾವಲಿನವನ ತಲೆ ಮೇಲೆ ಬಿದ್ದಾಗ, "ನಾನೇ ಸುರಿದಿದ್ದು" ಎಂದು ಐದನೇ ಮನೆಯಾಕೆ ಎಲ್ಲರಿಗೂ ಕೇಳುವಂತೆ ಹೇಳಿದರು. "ಸುಳ್ಳು, ಒಂಬತ್ತನೇ ಮನೆಯೋಳು" ಎಂದರು ಅಮ್ಮ, ಅಷ್ಟೇ ಜೋರಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು. ವಿಷಯ ಸಾಲಿನಿಂದ ಸಾಲಿಗೆ ಹೋಯಿತು. ಸಿನಿಮಾ ಮುಗಿದಾಗ ಪರದೆಯ ಮೇಲೆ ಕೊಳೆಯಕ್ಕನ ನಿಜವಾದ ಹೆಸರು ಮೊದಲ ಬಾರಿ ಬಂತು. ಅದರ ಕೆಳಗೆ 'ಮೆಟ್ಟಿಲು ತೊಳೆದವರು' ಎಂದು ಕಸ ಗುಡಿಸುವಾಕೆಯ ಹೆಸರೂ ಇತ್ತು. ಆದರೆ ಜನ ಪರದೆಗೆ ಬೆನ್ನು ತಿರುಗಿಸಿ, ಎದ್ದು ನಿಂತು, ಹಿಂದಿನ ಸಾಲಿನ ಇಬ್ಬರು ಮುದುಕಿಯರ ಕಡೆ ಚಪ್ಪಾಳೆ ತಟ್ಟುತ್ತಿದ್ದರು.

ಮನೆಗೆ ಬಂದ ಮೇಲೆ ಅಮ್ಮ ಮಗಳ ಕೈ ಹಿಡಿದು ಬೆರಳಿನ ಸಂದಿ ನೋಡಿದರು. "ಈಗ ಅದು ನಮ್ಮ ಬೀದಿ" ಎಂದರು. ಬಿಸಿನೀರಿಗೆ ಹೋಗುತ್ತ ಇನ್ನೊಂದು ಮಾತನ್ನೂ ಸೇರಿಸಿದರು. "ಆದ್ರೆ ಆ ಹುಡುಗೀರಿಗೆ ಪೊರಕೆ ಹಿಡಿಯೋಕೇ ಬರಲ್ಲ. ನೀರನ್ನ ಬಾಗಿಲ ಒಳಕ್ಕೆ ನೂಕ್ತಾರೆ. ಯಾರು ಕಲಿಸಿದ್ದು ಅವರಿಗೆ?"

ಆ ದೂರು ನಿರ್ದೇಶಕನ ಕಿವಿಗೂ ಬಿತ್ತು. ಈಗ ಕಟ್ಟಿರುವುದು ಹದಿಮೂರನೇ ಬೀದಿ. ಅದೇ ಇಪ್ಪತ್ತನಾಲ್ಕು ಮನೆ; ಈ ಸಲದ ಕತೆ ಬೀದಿಯ ಹೆಂಗಸರದ್ದೇ.

ಏಳು ಗಂಟೆಗೆ ಸರಿಯಾಗಿ ಗೇಟಿನಲ್ಲಿ ಕಾರು ನಿಲ್ಲುತ್ತದೆ. ಕಸ ಗುಡಿಸುವಾಕೆ ಬಾಗಿಲು ತೆಗೆದು ಕೈ ಕೊಡುತ್ತಾಳೆ. ಎಂಬತ್ತನಾಲ್ಕರ ಅಮ್ಮ ಇಳಿದು, ಊರುಗೋಲು ಊರಿಕೊಂಡು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದು ಬರುತ್ತಾರೆ. ಕುರ್ಚಿ ಹಾಕಿಟ್ಟಿದ್ದಾರೆ, ಕೂರುವುದಿಲ್ಲ. ಸಾಲಾಗಿ ನಿಂತ ನಟಿಯರನ್ನು ನೋಡುತ್ತಾರೆ. ಒಬ್ಬಳ ಕೈಯಿಂದ ಪೊರಕೆ ತೆಗೆದುಕೊಂಡು ಅದನ್ನು ಸರಿಯಾಗಿ ತಿರುಗಿಸಿ ಮತ್ತೆ ಅವಳ ಕೈಗೇ ಕೊಡುತ್ತಾರೆ. ಆಮೇಲೆ ನಾಲ್ಕನೇ ಮನೆಯ ಮುಂದೆ ಮೊಣಕಾಲೂರಿ ಕೂತ ಮಗಳ ಹತ್ತಿರ ಬಂದು, ಗೋಡೆಯ ಮೇಲಿನ ನಾಲ್ಕು ಪುಟ್ಟ ಬೆರಳಿನ ಗುರುತನ್ನು ಬಗ್ಗಿ ನೋಡುತ್ತಾರೆ.

"ಇದು ನಿಂದೇ ಅಲ್ವೇನೇ? ಎಷ್ಟು ಸಲ ಹೇಳಿದ್ರೂ ಗೋಡೆಗೇ ಒರೆಸ್ತಿದ್ದೆ."

"ಹೂಂ. ಅಳಿಸ್ಲಾ?"

"ಬೇಡ, ಇರಲಿ" ಎನ್ನುತ್ತಾರೆ ಅಮ್ಮ. "ನೀನು ಕೊಳೆ ಮಾಡ್ತಾ ಹೋಗು. ತೊಳೆಸೋದು ನಾನು ನೋಡ್ಕೋತೀನಿ."